ಕೊಳಲಿನ ನಿದ್ದೆಯೂ ಪಕ್ಕದ ಮನೆಯ ಗೌಡರೂ

ದಿಂಬಿಗೆ ತಲೆ ತಾಗಿದ ಕೂಡಲೇ ನಿದ್ದೆ ಹೋಗುವವರನ್ನು ನಾನು ಪೂರ್ತಿಯಾಗಿ ನಂಬುವುದಿಲ್ಲ. ಇದು ಬರೀ ಹೊಟ್ಟೆಕಿಚ್ಚು ಎಂದು ನನ್ನ ಹೆಂಡತಿ ಸುಧಾ ಹೇಳುತ್ತಾಳೆ. ಇರಬಹುದು. ಆದರೆ ಯೋಚಿಸಿ ನೋಡಿ. ಇಡೀ ದಿನ ಈ ಲೋಕದಲ್ಲಿ ಓಡಾಡಿ, ನಾಲ್ಕು ಜನರ ಮಾತು ಕೇಳಿ, ಅವರಲ್ಲಿ ಯಾರು ಏನನ್ನು ಮನಸ್ಸಿನಲ್ಲಿಟ್ಟುಕೊಂಡು ಏನನ್ನು ಹೇಳಿದರು ಎಂದು ಒಂದು ಸಲವೂ ತಿರುವಿ ನೋಡದೆ, ದೀಪ ಆರಿಸಿದ ಹಾಗೆ ಆರಿಹೋಗುವ ಮನುಷ್ಯನಿಗೆ ಒಂದೋ ಮನಸ್ಸು ತೀರಾ ಸ್ವಚ್ಛವಿರಬೇಕು, ಇಲ್ಲವೇ ಅದು ಇರಲೇಬಾರದು. ಸುಧಾ ಯಾವ ಜಾತಿಗೆ ಸೇರಿದವಳೆಂದು ನಾನು ಇನ್ನೂ ತೀರ್ಮಾನ ಮಾಡಿಲ್ಲ.

ನನ್ನ ಅನುಮಾನಕ್ಕೆ ನನ್ನ ಕಸುಬೂ ಕಾರಣ. ನಾನು ಸರ್ವೆಯರ್. ಜಮೀನು ಅಳೆಯುವುದು ನನ್ನ ಕೆಲಸ. ಗಡಿ ಗುರುತಿಸುವ ಹದ್ದುಬಸ್ತಿಗೆಂದು ಯಾವುದೇ ಊರಿಗೆ ಹೋಗಿ, ಅಕ್ಕಪಕ್ಕದ ಹೊಲದವರಿಬ್ಬರೂ ಗಡಿಕಲ್ಲು ಅಜ್ಜನ ಕಾಲದಿಂದ ಅಲ್ಲೇ ಇದೆಯೆಂದು ಆಣೆ ಮಾಡುತ್ತಾರೆ. ತೋರಿಸುವುದು ಮಾತ್ರ ಬೇರೆ ಬೇರೆ ಕಲ್ಲು. ಬಿಸಿಲಲ್ಲಿ ಬಂದಿದ್ದೀರಿ ಎಂದು ಓಡಿ ಬಂದು ಎಳನೀರು ಕೊಚ್ಚಿಕೊಟ್ಟವನ ಬೇಲಿಯನ್ನು ನಾನು ಮೊದಲು ಅಳೆಯುತ್ತೇನೆ. ಅದು ಪಕ್ಕದವನ ಹೊಲದೊಳಗೆ ಒಂದಷ್ಟು ಕಾಲು ಚಾಚಿಕೊಂಡೇ ಇರುತ್ತದೆ. ನಾಗಮಂಗಲ, ಪಾಂಡವಪುರ ಎಂದು ಸುತ್ತಿ ಕೊನೆಗೆ ಕೆ.ಆರ್. ಪೇಟೆಗೆ ಬಂದು, ಹೊಸ ಬಡಾವಣೆಯಲ್ಲಿ ಒಂದು ಕಟ್ಟಿದ ಮನೆ ಕೊಂಡು ನೆಲೆಯಾಗುವಷ್ಟರಲ್ಲಿ, ನಗುತ್ತ ಬರುವವರನ್ನು ಕಂಡರೆ ಒಂದು ಹೆಜ್ಜೆ ಹಿಂದಕ್ಕೆ ಸರಿಯುವ ಅಭ್ಯಾಸ ನನಗೆ ಮೈಗಂಟಿಬಿಟ್ಟಿತ್ತು. ನಿದ್ದೆ ನನ್ನನ್ನು ಬಿಟ್ಟು ಹೋದದ್ದೂ ಆ ಹೊಸ ಮನೆಯಲ್ಲಿಯೇ.

ನಿದ್ದೆ ಬರುವುದಿಲ್ಲ ಎಂದು ಬಾಯಿ ಬಿಟ್ಟು ಹೇಳಬಾರದು. ಹೇಳಿದರೆ ಊರೆಲ್ಲ ವೈದ್ಯರಾಗುತ್ತಾರೆ. ಕಚೇರಿಯಲ್ಲಿ ಒಬ್ಬರು ಹಾಲಿಗೆ ಗಸಗಸೆ ಹಾಕಿ ಕುಡಿಯಿರಿ ಎಂದರು. ಕುಡಿದೆ, ಹೊಟ್ಟೆ ತುಂಬಿತು, ಕಣ್ಣು ಮುಚ್ಚಲಿಲ್ಲ. ನಾಗಮಂಗಲದ ನನ್ನ ಸೋದರತ್ತೆ ಫೋನಿನಲ್ಲೇ ಗದರಿ, ಅಂಗಾಲಿಗೆ ಹರಳೆಣ್ಣೆ ಹಚ್ಚಿಕೋ ಎಂದರು. ಹಚ್ಚಿಕೊಂಡು ಬಚ್ಚಲಿಗೆ ಹೋದವನು ಜಾರಿ ಬಿದ್ದು, ಸೊಂಟದ ನೋವಿಗೆ ಇನ್ನಷ್ಟು ಎಚ್ಚರವಾಗಿದ್ದೆ. ಕೊನೆಗೆ ಡಾಕ್ಟರ ಬಳಿ ಹೋದರೆ ಅವರು ಗುಳಿಗೆಯನ್ನೇ ಬರೆಯಲಿಲ್ಲ. "ಮಲಗೋಕೆ ಮುಂಚೆ ಇಂಪಾದ ಸಂಗೀತ ಕೇಳಿ" ಎಂದು ನಕ್ಕು ಕಳಿಸಿದರು. ಔಷಧಿ ಬರೆಯದ ಡಾಕ್ಟರನ್ನು ನಾನು ಅದೇ ಮೊದಲು ಕಂಡದ್ದು. ಕಾಯಿಲೆ ತೀರಾ ಕೈಮೀರಿರಬೇಕು ಎಂದುಕೊಂಡೇ ಮನೆಗೆ ಬಂದೆ.

ಸುಧಾಳ ತಮ್ಮ ಪ್ರಕಾಶ ಬಾಬುರಾಯನಕೊಪ್ಪಲಿನವನು. ಅಕ್ಕ ಫೋನು ಮಾಡಿ ಹೇಳಿದ್ದೇ ತಡ, ಮುಂದಿನ ಭಾನುವಾರ ಮೂಸಂಬಿಯಷ್ಟು ದಪ್ಪದ ಒಂದು ಸ್ಪೀಕರನ್ನು ಹಿಡಿದುಕೊಂಡು ಬಂದ. ಅದಕ್ಕೂ ನನ್ನ ಮೊಬೈಲಿಗೂ ಅದೇನೋ ಗಂಟು ಹಾಕಿ, "ಬಾವ, ಇದ ಆಕ್ಕೊಂಡು ಸುಮ್ಕೆ ಮಲೀಕಳಿ. ನಮ್ಮನೇಲಿ ಎಲ್ಲಾರ್ಗೂ ಇದ್ರಲ್ಲೇ ನಿದ್ದೆ" ಎಂದ. ಅವರ ಮನೆಯಲ್ಲಿ ಎಲ್ಲರಿಗೂ ಬಸ್ಸಿನಲ್ಲಿ ನಿಂತುಕೊಂಡೂ ನಿದ್ದೆ ಬರುತ್ತದೆ ಎಂಬುದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ.

ಅದೊಂದು ಕೊಳಲಿನ ಸಂಗೀತ. ಯಾರು ನುಡಿಸಿದ್ದೋ ಏನೋ, ಶುರುವೂ ಇಲ್ಲ, ಕೊನೆಯೂ ಇಲ್ಲ, ಹೊಗೆ ಎದ್ದ ಹಾಗೆ ಎದ್ದು ಹರಡಿಕೊಳ್ಳುತ್ತಿತ್ತು. ಅದರ ಹಿಂದೆ ಆಗಾಗ ಒಂದು ಸಣ್ಣ ಗಂಟೆ 'ಟಿಣ್' ಎನ್ನುತ್ತಿತ್ತು. ನನ್ನ ತೊಂದರೆ ಆ ಗಂಟೆಯದು. ಅದು ಒಂದೇ ಅಂತರದಲ್ಲಿ ಬಾರಿಸಿದ್ದರೆ ನಾನು ಹೇಗೋ ಹೊಂದಿಕೊಳ್ಳುತ್ತಿದ್ದೆ. ಈಗ ಬರಬೇಕು ಎಂದು ಕಾದರೆ ಬರುತ್ತಿರಲಿಲ್ಲ. ಇನ್ನು ಬರುವುದಿಲ್ಲ ಎಂದು ಮಗ್ಗುಲು ಬದಲಿಸಿದರೆ 'ಟಿಣ್'. ಕೊಳಲು ನನ್ನನ್ನು ಹಳ್ಳದ ದಂಡೆಯವರೆಗೆ ಕರೆದುಕೊಂಡು ಹೋಗುವುದು, ಗಂಟೆ ಕೈಹಿಡಿದು ವಾಪಸು ಎಳೆದುಕೊಂಡು ಬರುವುದು. ಪಕ್ಕದಲ್ಲಿ ಸುಧಾ ಕೊಳಲಿನ ಎರಡನೆಯ ಎಳೆತಕ್ಕೆ ಮಲಗಿಬಿಟ್ಟಿದ್ದಳು. ಗೋಡೆಯ ಮೇಲಿನ ಹಲ್ಲಿಯೂ ಅಲ್ಲಾಡದೆ ನಿಂತಿತ್ತು. ಅದೂ ಮಲಗಿದೆ ಎಂಬುದು ನನ್ನ ಗುಮಾನಿ.

ಬೇರೆ ಸಂಗೀತವನ್ನೂ ನೋಡಿದೆ. ಮಳೆಯ ಸದ್ದು ಹಾಕಿದರೆ ಒಣಗಲು ಹಾಕಿದ ಬಟ್ಟೆ ನೆನೆಯುತ್ತಿದೆಯೇನೋ ಎಂದು ಎದ್ದು ಎದ್ದು ಹಿತ್ತಲಿಗೆ ಹೋಗಿ ಬಂದೆ. ವೀಣೆ ಹಾಕಿದರೆ ತಲೆದೂಗುವುದರಲ್ಲೇ ಕತ್ತು ಹಿಡಿದುಕೊಂಡಿತು. ಸಾಕು ಈ ಸಹವಾಸ ಎಂದು ಸ್ಪೀಕರನ್ನು ಪ್ರಕಾಶನಿಗೆ ವಾಪಸು ಕೊಡಲು ಹೊರಟಾಗ ಸುಧಾ ಬಿಡಲಿಲ್ಲ. "ನಿಮಗೆ ಬರ್ದಿದ್ರೆ ಬೇಡ ಕಣ್ರೀ, ನನಗೆ ಚೆನ್ನಾಗಿ ಬರ್ತಾ ಇದ್ಯಲ್ಲ. ಕೊಳಲೇ ಇರ್ಲಿ" ಎಂದು ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಮೊದಲೇ ನಿದ್ದೆ ಇದ್ದವಳಿಗೆ ಸಂಗೀತ ಬೇರೆ. ಬೇಸಗೆಯ ಸೆಕೆಗೆ ಕಿಟಕಿ ಯಾವಾಗಲೂ ತೆರೆದೇ ಇರುತ್ತಿತ್ತು. ಅದರಾಚೆ ನಮ್ಮ ಕಾಂಪೌಂಡು ಗೋಡೆ, ಗೋಡೆಯಾಚೆ ನಿಂಗೇಗೌಡರ ಮನೆ.

ನಿಂಗೇಗೌಡರು ಹೊಸಹೊಳಲಿನ ಕಡೆಯವರು. ಅರವತ್ತು ದಾಟಿದವರು. ಹೆಂಡತಿ ಸಣ್ಣಮ್ಮನವರಿಗೆ ಮಂಡಿನೋವು. ಆಸ್ಪತ್ರೆ ಹತ್ತಿರವಿರಲಿ ಎಂದು ಜಮೀನನ್ನು ಅಣ್ಣನ ಮಗನಿಗೆ ನೋಡಿಕೊಳ್ಳಲು ಬಿಟ್ಟು, ಎಮ್ಮೆಗಳನ್ನು ನೆಂಟರಿಗೆ ಒಪ್ಪಿಸಿ, ನಮ್ಮ ಪಕ್ಕದ ಸೈಟಿನಲ್ಲಿ ಮನೆ ಕಟ್ಟಿಕೊಂಡು ಬಂದಿದ್ದರು. ನಮಗೂ ಅವರಿಗೂ ಬಳಕೆ ಅಷ್ಟಕ್ಕಷ್ಟೆ. ಕಂಡಾಗ ಅವರು ತಲೆಯಾಡಿಸುತ್ತಿದ್ದರು, ನಾನೂ ಆಡಿಸುತ್ತಿದ್ದೆ. ನೆರೆಹೊರೆ ಇರಬೇಕಾದದ್ದೇ ಹಾಗೆ ಎಂಬುದು ನನ್ನ ನಂಬಿಕೆ.

ಆ ಗೌಡರು ಇದ್ದಕ್ಕಿದ್ದ ಹಾಗೆ ಒಳ್ಳೆಯವರಾಗತೊಡಗಿದರು. ಒಂದು ಬೆಳಿಗ್ಗೆ ನಾನು ಗೇಟು ತೆಗೆಯುವಾಗ ಕಾದಿದ್ದವರ ಹಾಗೆ ಬಂದು, "ನಮಸ್ಕಾರ ಸಾ. ರಾತ್ರೆ ಎಷ್ಟೊತ್ಗೆ ಮನೀಕತೀರಾ?" ಎಂದು ಕೇಳಿದರು. ಯಾಕೆಂದರೆ, "ಸುಮ್ಕೆ ಕೇಳ್ದೆ" ಎಂದರು. ಸುಮ್ಮನೆ ಕೇಳುವ ಪ್ರಶ್ನೆಯೇ ಅದು? ಮಾರನೆಯ ದಿನ ಬಾಳೆಲೆಯಲ್ಲಿ ಹಲಸಿನ ತೊಳೆ ಬಂತು. ಅದರ ಮರುದಿನ ಎಳನೀರು. ಎಳನೀರು ಕಂಡದ್ದೇ ನನ್ನ ಕಿವಿ ನಿಮಿರಿದವು. ಅದನ್ನು ಕೊಡುತ್ತ ಗೌಡರು, "ಸಾ, ಈ ವಾರ ಊರ್ಗೇನಾರ ಓಯ್ತೀರಾ? ಇಲ್ಲೇ ಇರ್ತೀರಾ?" ಎಂದರು.

"ಪಾಪ, ಎಷ್ಟು ಒಳ್ಳೆಯವರು" ಎಂದಳು ಸುಧಾ, ಹಲಸಿನ ತೊಳೆ ಬಾಯಿಗೆ ಹಾಕಿಕೊಳ್ಳುತ್ತ.

"ಒಳ್ಳೆಯವರಾಗಿದ್ರೆ ಬಂದ ದಿನದಿಂದ ಇರ್ಬೇಕಿತ್ತು. ಈಗ ಯಾಕೆ?"

"ನಿಮ್ಗೆ ಯಾರಾದ್ರೂ ಹಣ್ಣು ಕೊಟ್ರೂ ತಪ್ಪು, ಕೊಡದಿದ್ರೂ ತಪ್ಪು."

ನಾನು ಅವಳಿಗೆ ಹೇಳದೆ ಇದ್ದ ಇನ್ನೊಂದು ವಿಷಯವಿತ್ತು. ನಾವು ಮಲಗುವ ಹೊತ್ತಿಗೆ, ಕೊಳಲು ಶುರುವಾಗುತ್ತಿದ್ದ ಹಾಗೆಯೇ, ಗೋಡೆಯಾಚೆ ಏನನ್ನೋ ಎಳೆಯುವ ಸದ್ದಾಗುತ್ತಿತ್ತು. ಕರಕರ ಎಂದು ಸ್ವಲ್ಪ ಹೊತ್ತು ಎಳೆದು, ನಿಲ್ಲಿಸಿ, ಆಮೇಲೆ ಒಂದು ಕೆಮ್ಮು. ಅಷ್ಟೆ. ಕಿಟಕಿಯಿಂದ ಇಣುಕಿದರೆ ಗೋಡೆ ಅಡ್ಡ. ಏನು ಎಳೆಯುತ್ತಾರೆ? ಎಲ್ಲಿಗೆ ಎಳೆಯುತ್ತಾರೆ? ಗೋಡೆಯ ಬುಡದಲ್ಲೇ ಯಾಕೆ?

ಸರ್ವೆಯರನಿಗೆ ಗೋಡೆ ಎಂದರೆ ಒಂದೇ ಅರ್ಥ. ಈ ಮನುಷ್ಯ ಗಡಿಯ ತಕರಾರು ತೆಗೆಯುವ ಹುನ್ನಾರದಲ್ಲಿದ್ದಾನೆ. ಮೊದಲು ಹಲಸು, ಆಮೇಲೆ ಎಳನೀರು, ಆಮೇಲೆ ಅರ್ಜಿ. ಈ ಕ್ರಮ ನನಗೆ ಬಾಯಿಪಾಠವಿತ್ತು. ಅದಕ್ಕೆ ಮುಂಚೆ ನನ್ನ ಜಾಗ ನಾನೇ ಅಳೆದಿಟ್ಟುಕೊಳ್ಳೋಣ ಎಂದು ಒಂದು ಭಾನುವಾರ ಬೆಳಿಗ್ಗೆ ಟೇಪು ತೆಗೆದುಕೊಂಡು ಹಿತ್ತಲಿಗೆ ಇಳಿದೆ. ಕರಿಬೇವಿನ ಗಿಡ ನೋಡುವವನ ಹಾಗೆ ಬಗ್ಗಿಕೊಂಡು ಮೂಲೆಯಿಂದ ಟೇಪು ಬಿಡುತ್ತಿದ್ದೆ. ಗೋಡೆಯ ಮೇಲೆ ಗೌಡರ ತಲೆ ಕಾಣಿಸಿತು.

"ಏನ್ ಸಾ, ಅಳೀತಿದ್ದೀರಾ?"

"ಇಲ್ಲ, ಇಲ್ಲ. ಗುಲಾಬಿ ಗಿಡ ಇಡೋಣ ಅಂತ ಜಾಗ ನೋಡ್ತಿದ್ದೆ."

"ಈಟುದ್ದದ ಗುಲಾಬಿಯಾ?" ಎಂದ ಗೌಡರು, ಗೇಟಿನ ಕಡೆಯಿಂದ ಸುತ್ತಿಕೊಂಡು ನಮ್ಮ ಹಿತ್ತಲಿಗೇ ಬಂದುಬಿಟ್ಟರು. "ತತ್ತನ್ನಿ, ಆ ತುದಿ ನಾನಿಡ್ಕತೀನಿ. ಒಬ್ರೇ ಎಂಗ್ ಅಳೀತೀರಾ?"

ಹೀಗೆ ನನ್ನ ಎದುರಾಳಿಯೇ ಟೇಪಿನ ತುದಿ ಹಿಡಿದು ನಿಂತ ಮೊದಲ ಸರ್ವೆ ಅದು. ಅವರು ಹೋದ ಮೇಲೆ ಲೆಕ್ಕ ಹಾಕಿ ನೋಡಿದೆ. ಗೋಡೆ ಇರಬೇಕಾದ ಕಡೆ ಇರಲಿಲ್ಲ. ಅದು ಗೌಡರ ಸೈಟಿನೊಳಗೆ ಒಂದು ಗೇಣು ಹೋಗಿ ನಿಂತಿತ್ತು. ಇನ್ನೊಂದು ಮೂಲೆಯಿಂದ ಅಳೆದೆ. ಗೇಣೇ. ಗೋಡೆ ಕಟ್ಟಿಸಿದ್ದು ಮನೆ ಮಾರಿದ ಹಳೆಯ ಮಾಲೀಕ, ನಾನಲ್ಲ. ಆದರೆ ಅದನ್ನು ಕೇಳುವವರು ಯಾರು? ಊರವರ ಬೇಲಿಗಳನ್ನೆಲ್ಲ ಸರಿಸಿಸಿ ಬಂದ ಸರ್ವೆಯರ್, ಮನೆ ಕೊಳ್ಳುವಾಗ ತನ್ನ ಗೋಡೆಯನ್ನೇ ಅಳೆದು ನೋಡಲಿಲ್ಲವೆಂದರೆ ಕಚೇರಿಯಲ್ಲಿ ನಗದೆ ಬಿಟ್ಟಾರೆಯೇ? ಗೌಡರಿಗೆ ಇದು ಗೊತ್ತಿದೆ. ಗೊತ್ತಿಲ್ಲದಿದ್ದರೆ ಟೇಪು ಹಿಡಿಯುವಾಗ ಅಷ್ಟು ನೆಮ್ಮದಿಯಾಗಿ ಯಾಕೆ ನಗುತ್ತಿದ್ದರು?

ಅದೇ ವಾರ ಸುಧಾ ತಮ್ಮನ ಮಗುವಿನ ನಾಮಕರಣಕ್ಕೆಂದು ಬಾಬುರಾಯನಕೊಪ್ಪಲಿಗೆ ಹೋದಳು. ಮನೆಯಲ್ಲಿ ನಾನೊಬ್ಬನೇ. ಒಳ್ಳೆಯದೇ ಆಯಿತು, ಆಚೆಯ ಸದ್ದನ್ನು ಸರಿಯಾಗಿ ಕೇಳಿಸಿಕೊಳ್ಳಬಹುದು ಎಂದು ಕೊಳಲು ಹಾಕದೆ, ದೀಪ ಆರಿಸಿ, ಕಿಟಕಿಯ ಪಕ್ಕ ಮಲಗಿದೆ. ಕರಕರ ಸದ್ದು ಬಂತು. ಕೆಮ್ಮು ಬಂತು. ಆಮೇಲೆ ಒಂದು ಹೆಂಗಸಿನ ದನಿ, ಪಿಸುಗುಡುವ ಹಾಗೆ: "ಇನ್ನೂ ಇಲ್ವಾ?"

"ತಡಿ, ಆಕ್ತಾನೆ" ಎಂದಿತು ಗೌಡರ ದನಿ.

ಏನು ಹಾಕುತ್ತಾನೆ? ಯಾರು ಹಾಕುತ್ತಾನೆ? ಮೂರನೆಯವನೊಬ್ಬ ಇದ್ದಾನೆಯೇ? ಕಿಟಕಿಗೆ ಕಿವಿಗೊಟ್ಟು ಮಲಗಿದ್ದೆ. ಬಹಳ ಹೊತ್ತಿನ ಮೇಲೆ ಹೆಂಗಸಿನ ದನಿ ನಿಟ್ಟುಸಿರಿಟ್ಟು, "ಇವತ್ತಿಲ್ಲ ಬುಡು" ಎಂದಿತು. ಮಾರನೆಯ ದಿನವೂ ಇದೇ ಆಯಿತು. ಗೋಡೆಯ ಈಚೆ ನಾನು, ಆಚೆ ಅವರು, ಇಬ್ಬರೂ ಇನ್ನೊಬ್ಬರು ಏನಾದರೂ ಮಾಡಲಿ ಎಂದು ಕಾಯುತ್ತ ಮಲಗಿದ್ದೆವು.

ಅದರ ಮರುಬೆಳಿಗ್ಗೆ ಗೌಡರು ಗೇಟಿನ ಹತ್ತಿರ ನಿಂತಿದ್ದರು. ಕಣ್ಣು ಕೆಂಪಗಿದ್ದವು. ಕೈಯಲ್ಲಿ ಎಳನೀರಿರಲಿಲ್ಲ. ಇವತ್ತು ಬಂತು ಎಂದುಕೊಂಡೆ.

"ಸಾ, ಒಂದು ಇಸ್ಯ ಕೇಳ್ಬೇಕಿತ್ತು. ಬ್ಯಾಸ್ರ ಮಾಡ್ಕೋಬಾರ್ದು."

"ಗೋಡೆ ನಾನು ಕಟ್ಸಿದ್ದಲ್ಲ ಗೌಡ್ರೆ" ಎಂದುಬಿಟ್ಟೆ. "ಹಳೆ ಮಾಲೀಕ ಕಟ್ಸಿದ್ದು. ಅಷ್ಟಕ್ಕೂ ಒಂದೇ ಒಂದು ಗೇಣು."

"ಯಾವ್ ಗೇಣು ಸಾ?"

"ನೀವು ಕೇಳೋಕೆ ಬಂದದ್ದು ಏನು?"

"ರಾತ್ರೆ ಪೀಪಿ ಆಕ್ತಿದ್ರಲ್ಲ, ಯಾಕೆ ಎರಡು ದಿನದಿಂದ ಆಕ್ನಿಲ್ಲ ಅಂತ."

ಕೊಳಲನ್ನು ಅವರು ಪೀಪಿ ಎಂದು ಕರೆಯುತ್ತಿದ್ದರು. ಗೌಡರು ಗೇಟಿನ ಕಂಬಿ ಹಿಡಿದುಕೊಂಡು ಹೇಳಿದರು. ಪೇಟೆಗೆ ಬಂದಾಗಿನಿಂದ ಸಣ್ಣಮ್ಮನಿಗೆ ನಿದ್ದೆಯೇ ಇಲ್ಲ. ಹಗಲು ಮಂಕಾಗಿ ಕೂರುತ್ತಾಳೆ, ಅನ್ನಕ್ಕೆ ಸಾರೆಂದು ನೀರು ಹುಯ್ಯುತ್ತಾಳೆ, ಒಂದು ದಿನ ತಲೆ ಸುತ್ತಿ ಒಲೆಯ ಪಕ್ಕವೇ ಬಿದ್ದಳು. ಊರಿಗೆ ವಾಪಸು ಕರಕೊಂಡು ಹೋಗು ಎಂದು ಅಳುತ್ತಾಳೆ. ಮಂಡಿ ನೋಡಿದರೆ ಕರೆದುಕೊಂಡು ಹೋಗುವ ಹಾಗಿಲ್ಲ. ಹೀಗಿರುವಾಗ ಒಂದು ರಾತ್ರಿ ನಮ್ಮ ಕಿಟಕಿಯಿಂದ ಕೊಳಲು ಕೇಳಿಸಿತಂತೆ. ಆಕೆ ಕೇಳುತ್ತ ಕೇಳುತ್ತ ಮಲಗಿಬಿಟ್ಟರಂತೆ. ಅಂದಿನಿಂದ ದಿನವೂ ಗೌಡರು ಆಕೆಯ ಮಂಚವನ್ನು ಹಿತ್ತಲಿಗೆ ಎಳೆದು ನಮ್ಮ ಗೋಡೆಯ ಬುಡಕ್ಕೆ ಹಾಕುತ್ತಿದ್ದರು.

"ಮೊದ್ಲೇ ಕೇಳವ ಅಂದ್ರೆ, ನೀವು ಆಪೀಸರ್ರು. ಸಿಟ್ಟು ಮಾಡ್ಕಂಡು ಪೂರ್ತಿ ನಿಲ್ಸಿಬುಟ್ರೆ ಅಂತ ಸುಮ್ಕಿದ್ದೆ" ಎಂದರು ಗೌಡರು. ನನ್ನ ಮುಖದಲ್ಲಿ ಅಂಥದ್ದೇನು ಬರೆದಿದೆಯೋ ನನಗೆ ತಿಳಿಯದು.

ಸಂಜೆ ಸ್ಪೀಕರನ್ನು ತೆಗೆದುಕೊಂಡು ನಾನೇ ಅವರ ಮನೆಗೆ ಹೋದೆ. ಸಣ್ಣಮ್ಮನವರು ಕಾಲು ಚಾಚಿಕೊಂಡು ಜಗುಲಿಯ ಮೇಲೆ ಕೂತಿದ್ದರು. ಸಣ್ಣ ಜೀವ, ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಕೊಳಲನ್ನು ಇದರೊಳಗೇ ತುಂಬಿಸಿದ್ದೇನೆ, ಇದು ನಿಮ್ಮಲ್ಲೇ ಇರಲಿ, ಬೇಕಾದಾಗ ಹಾಕಿಕೊಳ್ಳಿ ಎಂದೆ. ಆಕೆ ಅದನ್ನು ತಿರುಗಿಸಿ ನೋಡಿ ನನ್ನ ಕೈಗೇ ಕೊಟ್ಟರು.

"ಬ್ಯಾಡ ಕಣಪ್ಪ. ನಮ್ ಮಗ್ಗುಲಲ್ಲೇ ಬಡ್ಕಂಡ್ರೆ ಬರಕ್ಕಿಲ್ಲ. ಗ್ವಾಡೆ ಆಚ್ಗಿಂದ್ಲೇ ಬರ್ಬೇಕು."

"ಕೊಳಲು ಅಷ್ಟು ಇಷ್ಟವಾ ಅಮ್ಮ?"

"ಯಾವ್ ಕೊಳ್ಲು? ಆ ಗಂಟೆ ಕಣಪ್ಪ. ಊರಲ್ಲಿ ನಾವ್ ಮನಿಕ್ಕಳ ಗ್ವಾಡೆ ಆಚ್ಗೇ ಕೊಟ್ಗೆ. ಎಮ್ಮೆ ಮೆಲುಕ್ ಆಕ್ತಾ ಇದ್ರೆ ಕತ್ತಿನ್ ಗಂಟೆ ಇಂಗೇ ಆಗೀಟು ಈಗೀಟು ಆಡ್ತಿತ್ತು. ಅದು ಕೇಳಿಸ್ತಿದ್ರೆ ಎಲ್ಲಾ ಇದ್ದಲ್ಲೇ ಅವೆ ಅಂತ ಧೈರ್ಯ."

"ಇಲ್ಲಿ ರಸ್ತೇಲಿ ಸದ್ದು ಇದ್ದೇ ಇದ್ಯಲ್ಲ" ಎಂದೆ.

"ಲಾರಿ ಸದ್ದಾ? ಅದು ಓಡೋಯ್ತದೆ. ಕೊಟ್ಗೆ ಸದ್ದು ನಮ್ ಜೊತೇಲೇ ಇರ್ತದೆ."

ನನ್ನನ್ನು ಇಷ್ಟು ದಿನ ಕಾಡಿದ ಗಂಟೆಯ ಮೇಲೆ ಆಗ ನನಗೆ ಸಿಟ್ಟು ಉಳಿಯಲಿಲ್ಲ. ಏನನ್ನಾದರೂ ಸರಿಮಾಡಬೇಕು ಎನ್ನಿಸಿ, ಗೋಡೆಯ ವಿಷಯವನ್ನು ನೆಟ್ಟಗೆ ಹೇಳಿದೆ. ಗೌಡರು ನಕ್ಕರು. "ಗ್ವಾಡೆ ಒಸಿ ಈಚ್ಗೆ ಬಂದದೆ ಅಂತ ನಮ್ಮಣ್ಣನ್ ಮಗ ಮನೆ ಕಟ್ಸುವಾಗ್ಲೇ ಅಂದ. ನಾನೇ ಅಂದೆ, ಲೇ, ಆವಯ್ಯ ಸರ್ವೆ ಕೆಲಸದಲ್ಲಿರೋನು, ತಪ್ಪು ಜಾಗ್ದಲ್ಲಿ ಗ್ವಾಡೆ ಇಟ್ಕಂಡಿರ್ತಾನಾ, ನಿಂದೇ ತಪ್ಪು ಲೆಕ್ಕ ಬುಡ್ಲಾ ಅಂತ." ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಂಬಿದ್ದರು ಎಂಬುದನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಮಳೆಗಾಲ ಕಳೆದ ಮೇಲೆ ಗೋಡೆಯನ್ನು ಅದರ ಜಾಗದಲ್ಲಿ ನಿಲ್ಲಿಸಿ ಕೊಡುತ್ತೇನೆ ಎಂದೆ. "ಆಗ್ಲಿ ಬುಡಿ, ಮೊದ್ಲು ಅವಳು ಒಸಿ ನಿದ್ದೆ ಮಾಡ್ಲಿ" ಎಂದರು.

ಅಂದಿನಿಂದ ಎರಡು ಮನೆಗೂ ಸೇರಿ ಕೊಳಲು ಹಾಕುವ ಕೆಲಸ ನನ್ನದಾಯಿತು. ಸುಧಾ ಊರಿನಿಂದ ಬಂದು ವಿಷಯ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕು, ನಕ್ಕ ಬಾಯಿ ಮುಚ್ಚುವ ಮುಂಚೆಯೇ ಮಲಗಿದಳು. ಗೋಡೆಯಾಚೆ ಸಣ್ಣಮ್ಮ ಮಲಗಿದರು. ಉಳಿದವನು ನಾನು. ಅತ್ತ ಗೌಡರೂ ಹೆಂಡತಿ ಮಲಗುವ ತನಕ ಎದ್ದಿರುವವರು. ಇಬ್ಬರೂ ಒಂಟಿಯಾಗಿ ಯಾಕಿರಬೇಕು ಎಂದು ಅವರು ನಮ್ಮ ಮನೆಯ ಮುಂದಿನ ಮೆಟ್ಟಿಲ ಹತ್ತಿರ ಬಂದು ಕೂರತೊಡಗಿದರು. ನಾನು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಳ್ಳುತ್ತಿದ್ದೆ.

ಮೊದಲ ದಿನವೇ ಗೌಡರು ತಮ್ಮ ಒಂದು ಎಮ್ಮೆ ತಪ್ಪಿಸಿಕೊಂಡು ಹೋದ ಕಥೆ ಶುರು ಮಾಡಿದರು. ಅದರ ಹೆಸರು ಕೆಂಪಿ. ತುಂಬು ಗಬ್ಬ. ಹೇಮಾವತಿ ನಾಲೆಗೆ ನೀರು ಬಿಟ್ಟಿದ್ದ ಕಾಲ. ಸಂಜೆ ಮೇಯಿಸಿಕೊಂಡು ಬರುವಾಗ ಎಣಿಸಿದರೆ ಕೆಂಪಿ ಇಲ್ಲ. ಗೌಡರು ಅವಸರ ಮಾಡುವವರಲ್ಲ. ಕೆಂಪಿಯ ತಾಯಿಯನ್ನು ಯಾರಿಂದ ತಂದರು, ಆ ತಾಯಿಗೆ ಎಷ್ಟು ಹಟ, ಹಿಂಡಿ ಇಡದಿದ್ದರೆ ಅದು ಹೇಗೆ ಮುಖ ತಿರುಗಿಸುತ್ತಿತ್ತು ಎಂದು ಎಲ್ಲವನ್ನೂ ಒಂದೇ ದನಿಯಲ್ಲಿ, ಬೀಡಿ ಹೊಗೆಯ ನಡುವೆ, ಹೇಳಿಕೊಂಡು ನಾಲೆಯ ಏರಿಯ ಮೇಲೆ ನಡೆಯುತ್ತಿದ್ದರು. ನಾನೂ ಅವರ ಹಿಂದೆ ನಡೆಯುತ್ತಿದ್ದೆ. ಯಾರೋ ಭುಜ ಅಲುಗಿಸಿ, "ಸಾ, ಒಳೀಕೋಗಿ ಮನಿಕ್ಕಳಿ, ಸೊಳ್ಳೆ ಕಡೀತವೆ" ಎಂದಾಗಲೇ ನನಗೆ ಎಚ್ಚರವಾದದ್ದು. ಒಳಗೆ ಹೋದವನು ಬೆಳಿಗ್ಗೆ ಸುಧಾ ಕಾಫಿ ತಂದು ಕೂಗುವ ತನಕ ಏಳಲಿಲ್ಲ.

ಮಾರನೆಯ ಸಂಜೆ ಗೌಡರು, "ಎಲ್ಲೀಗಂಟ ಏಳಿದ್ದೆ ಸಾ?" ಎಂದು ಕೇಳಿದರು. ನಾಲೆ ಏರಿ ಎಂದೆ. ಅವರು ಅಲ್ಲಿಂದ ಮತ್ತೆ ಶುರು ಮಾಡಿದರು, ನಾನು ಮತ್ತೆ ಏರಿಯ ಮೇಲೆಯೇ ಮಲಗಿಬಿಟ್ಟೆ. ಆಮೇಲೆ ದಿನವೂ ಹೀಗೆಯೇ. ಆದರೆ ಈಗ ಕತ್ತಲಲ್ಲಿ ನಿದ್ದೆಗಣ್ಣಲ್ಲೇ 'ಹೂಂ'ಗುಟ್ಟುವುದನ್ನು ಕಲಿತಿದ್ದೇನೆ, ಅವರು ಕಥೆ ಮುಂದುವರಿಸುತ್ತಾರೆ. ಆರು ತಿಂಗಳಿಂದ ದೂರ ಹೋಗಿದ್ದ ನಿದ್ದೆಯೆಲ್ಲ ಸೇರಿ ಒಟ್ಟಿಗೆ ವಾಪಸು ಬಂದ ಹಾಗೆ ಬರುತ್ತಿದೆ. ಒಂದೇ ತಾಪತ್ರಯ. ಗೌಡರಿಗೆ ಈಚೆಗೆ ನಾನು ಕಥೆ ಕೇಳುತ್ತಲೇ ಇಲ್ಲವೆಂಬ ಗುಮಾನಿ ಬಂದಿದೆ. ಮೊನ್ನೆ ಗೇಟಿನ ಹತ್ತಿರ ಕಣ್ಣು ಕಿರಿದು ಮಾಡಿಕೊಂಡು, ನನ್ನ ಮುಖವನ್ನೇ ಓದುವವರ ಹಾಗೆ ನೋಡುತ್ತ, "ಕೆಂಪಿ ಸಿಕ್ದಾಗ ನಂಗೆಂಗಾಗಿರ್ಬೇಕು ಏಳಿ ಸಾ?" ಎಂದು ಕೇಳಿದರು. ನಾನು ಬಹಳ ಅನುಭವಿಸಿದವನ ಹಾಗೆ ತಲೆಯಾಡಿಸಿ, "ಎಷ್ಟು ಸಂತೋಷ ಆಗಿರ್ಬೇಕು ಗೌಡ್ರೆ" ಎಂದೆ.

ಗೌಡರು "ಊಂ" ಎಂದು ಮಾತ್ರ ಹೇಳಿ ಒಳಗೆ ಹೋದರು. ಆ 'ಊಂ'ಗೆ ಅರ್ಥವೇನು? ಕೆಂಪಿ ನಿಜವಾಗಿಯೂ ಸಿಕ್ಕಿತ್ತೇ, ಇಲ್ಲ ನನ್ನನ್ನು ಹಿಡಿಯಲೆಂದೇ ಅವರು ಸಿಕ್ಕಿತು ಎಂದರೇ? ಹೋಗಿ ಕೇಳಿಬಿಡೋಣವೆಂದರೆ ದಿನವೂ ನಿದ್ದೆ ಹೊಡೆದದ್ದು ಬಯಲಾಗುತ್ತದೆ. ಯೋಚಿಸುತ್ತ ಕೂತರೆ ಮತ್ತೆ ನಿದ್ದೆ ಕೆಡುತ್ತದೇನೋ ಎಂಬ ಭಯ ಬೇರೆ.